ಹೆಲಿಕಾಪ್ಟರ್ ಕರೆಸಿದ ಸೊಸೆ

ಅಂಗಳದಲ್ಲಿ ನೀಲಿ ತಾಡಪಾಲು ಹಾಸಿ ಕೆಂಪು ಮೆಣಸಿನಕಾಯಿ ಹರವುವ ಕೆಲಸ ಮುಗಿಯುತ್ತ ಬಂದಿತ್ತು. ಮೆಣಸಿನಕಾಯಿಯನ್ನು ಸುಮ್ಮನೆ ಸುರಿದರೆ ಆಗುವುದಿಲ್ಲ. ಒಂದರ ಮೇಲೊಂದು ಬೀಳದ ಹಾಗೆ ಮಲಗಿಸಬೇಕು, ಮಧ್ಯಾಹ್ನ ಮಗ್ಗುಲು ಬದಲಿಸಬೇಕು, ಇಬ್ಬನಿ ಬೀಳುವ ಮೊದಲು ಒಳಗೆಳೆಯಬೇಕು. ವರ್ಷವಿಡೀ ಅನ್ನದ ಜೊತೆ ತಿನ್ನುವ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಯ ಬಣ್ಣ, ಖಾರ ಎರಡೂ ಈ ತಾಡಪಾಲಿನ ಮೇಲೇ ತೀರ್ಮಾನವಾಗುತ್ತವೆ. ಮಿರಾನ್ ಕೊನೆಯ ಬುಟ್ಟಿಗೆ ಕೈ ಹಾಕಿದ್ದಳು, ಅಷ್ಟರಲ್ಲಿ ಹಿತ್ತಿಲ ಗುಡ್ಡ ದಾಟಿ ಪೊಲೀಸ್ ಹೆಲಿಕಾಪ್ಟರ್ ಬಂತು. ಸೂರಿನ ಹಂಚು ಎಣಿಸುವಷ್ಟು ಕೆಳಗೆ ಬಂತು. ತಾಡಪಾಲು ಒಂದು ಮೂಲೆಯಿಂದ ಎದ್ದು ನಿಂತಿತು. ಆಮೇಲೆ ಮೆಣಸಿನಕಾಯಿಯೆಲ್ಲ ಎದ್ದು ಹಾರಿತು.

ಸೊಯಾ ಜಾಡಿಗಳ ಮೇಲೆ, ಕೋಳಿಗೂಡಿನ ಮಾಡಿನ ಮೇಲೆ, ಒಗೆದು ಹಾಕಿದ ಬಟ್ಟೆಯ ಜೇಬಿನೊಳಗೆ, ಎಲ್ಲೆಲ್ಲೂ ಮೆಣಸಿನಕಾಯಿ. ಏಳು ವರ್ಷದ ಮಗಳು ಬೊರಿ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಓಡಿಬಂದು ಆಕಾಶಕ್ಕೆ ಕೈ ಬೀಸಿದಳು.

"ಅಪ್ಪಾ! ಅಪ್ಪಾ!"

"ಅಪ್ಪ ಅದ್ರಲ್ಲಿಲ್ಲ ಕಣೇ. ಇದ್ದಿದ್ರೆ ಹೀಗ್ ಮಾಡ್ತಿದ್ರಾ?"

ಮಿರಾನಳ ಗಂಡ ಇನ್‌ಸಿಕ್ ಪ್ರಾಂತದ ಪೊಲೀಸ್ ಹೆಲಿಕಾಪ್ಟರ್ ತಂಡದಲ್ಲಿ ಮೆಕ್ಯಾನಿಕ್. ಹಾರುವಾಗ ಇಬ್ಬರು ಪೈಲಟ್‌ಗಳ ಹಿಂದೆ ಕೂತು ಕ್ಯಾಮೆರಾ ನೋಡಿಕೊಳ್ಳುವವನೂ ಅವನೇ. ಮೆಣಸಿನಕಾಯಿಯ ಕಾಲ ಬಂದರೆ, ನಮ್ಮ ಮನೆಯ ಮೇಲೆ ಬೇಡ, ಸುತ್ತು ಹಾಕಿ ಹೋಗಿ ಎಂದು ಪೈಲಟ್‌ಗೆ ಮೊದಲೇ ಹೇಳಿಡುತ್ತಿದ್ದ. ಈ ವಾರ ಅವನು ಹೊಸ ಎಂಜಿನ್ನಿನ ತರಬೇತಿಗೆಂದು ದಕ್ಷಿಣದ ಕಡೆ ಹೋಗಿದ್ದ. ಹೇಳುವವರಿರಲಿಲ್ಲ.

ಮಾವ ದೊಕ್‌ಬೆ ಜಗಲಿಯ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತ ಇದನ್ನೆಲ್ಲ ನೋಡುತ್ತಿದ್ದರು.

"ಮಾವ, ಒಂದ್ ಕೈ ಹಾಕ್ತೀರಾ?"

"ಆಕಾಶದಲ್ಲಿ ಓಡಾಡೋನನ್ನ ಕಟ್ಕೊಂಡೋಳು ನೀನು. ನೀನೇ ಆರಿಸ್ಕೋ" ಎಂದು ಬೆನ್ನಿಗೆ ಬುಟ್ಟಿ ಏರಿಸಿ, ಅದರ ಬಾಯಿಗೆ ಬಟ್ಟೆ ಕಟ್ಟಿ, ಪೂರ್ವದ ಕಡೆ ಹೊರಟರು. ಪೂರ್ವದ ಕಡೆ ಹೊರಟರು ಎಂದರೆ ಅವರು ಹೋಗುವ ಜಾಗ ಪೂರ್ವದಲ್ಲಿಲ್ಲ ಎಂದಷ್ಟೇ ಅರ್ಥ.

ಸೊಂಗಿ ಅಣಬೆ ಏಳುವ ತಿಂಗಳಲ್ಲಿ ಸೊಲ್‌ಗೊಲ್ ಹಳ್ಳಿಯ ಯಾವ ಗಂಡಸೂ ಹೋಗಬೇಕಾದ ಕಡೆಗೆ ಮುಖ ಮಾಡಿ ಮನೆ ಬಿಡುವುದಿಲ್ಲ. ಸೊಂಗಿಯನ್ನು ಬಿತ್ತಲು ಬರುವುದಿಲ್ಲ, ಬೆಳೆಸಲು ಬರುವುದಿಲ್ಲ. ಪೈನ್ ಮರದ ಬುಡದಲ್ಲಿ, ತನಗೆ ಮನಸ್ಸಿದ್ದ ಕಡೆ, ಪ್ರತಿ ವರ್ಷ ಅದೇ ಜಾಗದಲ್ಲಿ ಅದು ತಲೆ ಎತ್ತುತ್ತದೆ. ಆ ಜಾಗ ಗೊತ್ತಿದ್ದವನು ಒಂದು ಶರತ್ಕಾಲದಲ್ಲಿ ವರ್ಷದ ಅನ್ನ ದುಡಿಯುತ್ತಾನೆ. ಅದಕ್ಕೇ ಹೆಂಡತಿಗೆ ಹೇಳುವುದಿಲ್ಲ, ಅಣ್ಣತಮ್ಮಂದಿರಿಗೆ ಹೇಳುವುದಿಲ್ಲ. ಸಾಯುವ ಮೊದಲು ಒಬ್ಬರಿಗೆ, ಒಬ್ಬರಿಗೆ ಮಾತ್ರ, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಾರೆ.

ದೊಕ್‌ಬೆ ಆ ಒಬ್ಬರು ಯಾರು ಎಂಬುದನ್ನು ಹಿಂದಿನ ರಾತ್ರಿಯ ಊಟದಲ್ಲಿ, ಮಿರಾನ್ ಬಡಿಸಿದ ಸೊಯಾ ಸಾರನ್ನು ಸುರಿದುಕೊಳ್ಳುತ್ತಲೇ ಹೇಳಿದ್ದರು. ಈ ಸುಗ್ಗಿಯ ಚುಸೊಕ್ ಹಬ್ಬಕ್ಕೆ ಕಿರಿಮಗ ಬರುತ್ತಾನಲ್ಲ, ಅವನಿಗೆ ತೋರಿಸುತ್ತೇನೆ. ಹಿರಿಮಗ ಬೇಡ. "ಮೇಲಿಂದ ಇಣುಕಿ ನೋಡಿ ಸಂಬಳ ತಗೊಳ್ಳೋನಿಗೆ ನೆಲದ ಗುಟ್ಟು ಯಾಕೆ?"

ಕಿರಿಮಗ ಎಂದರೆ ಮಿರಾನಳ ಮೈದುನ. ವರ್ಷಕ್ಕೆ ಎರಡು ಸಲ, ಎರಡೂ ಹಬ್ಬಕ್ಕೆ, ರಿಬ್ಬನ್ ಕಟ್ಟಿದ ಡಬ್ಬಿ ಮಾಂಸದ ಪೆಟ್ಟಿಗೆ ಹಿಡಿದು ಬರುತ್ತಾನೆ. ಮೂರು ಹೊತ್ತು ತಿಂದು, ಅಣಬೆ ಕಟ್ಟಿಸಿಕೊಂಡು ಹೋಗುತ್ತಾನೆ. ಮದುವೆಯಾಗಿ ಬಂದ ದಿನದಿಂದ ಮಾವನ ಒಳಉಡುಪು ಒಗೆದವಳು ಯಾರು? ಅತ್ತೆ ತೀರಿಕೊಂಡ ಮೇಲೆ ಅವರ ಔಷಧಿ, ಅವರ ಸಿಡುಕು, ಅವರ ಮೀನಿನ ಮುಳ್ಳು, ಎಲ್ಲ ನೋಡಿಕೊಂಡವಳು ಯಾರು? ಹೋದ ವರ್ಷ ಮಾವ ಕಾಲು ಉಳುಕಿಸಿಕೊಂಡು ಕತ್ತಲಾದ ಮೇಲೆ ತೆವಳುತ್ತ ಮನೆಗೆ ಬಂದಾಗ, ಎಲ್ಲಿ ಹುಡುಕಬೇಕೆಂದು ತಿಳಿಯದೆ ಟಾರ್ಚ್ ಹಿಡಿದು ಅಂಗಳದಲ್ಲಿ ಅತ್ತವಳು ಯಾರು? ಮಿರಾನ್ ಕೋಳಿಗೂಡಿನ ಮಾಡಿನಿಂದ ಮೆಣಸಿನಕಾಯಿ ಆರಿಸುತ್ತ ಇದನ್ನೆಲ್ಲ ಒಂದೊಂದಾಗಿ ನೆನೆದಳು. ಕೊನೆಗೆ ತಲೆ ಎತ್ತಿದಾಗ ಹೆಲಿಕಾಪ್ಟರ್ ಇನ್ನೂ ದೂರದ ಪೈನ್ ಕಾಡಿನ ಮೇಲೆ ನಿಧಾನವಾಗಿ ಸುತ್ತುತ್ತಿತ್ತು. ಅದರ ಮೂಗಿನ ಕೆಳಗೆ ಕರಿಯ ಗುಂಡೊಂದು ನೇತಾಡುತ್ತಿತ್ತು. ಕಣ್ಣಿನ ಹಾಗೆ.

ಕೈಯಲ್ಲಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು.

ಅದು ಬಿಸಿ ನೋಡುವ ಕಣ್ಣು. ಇನ್‌ಸಿಕ್ ಊಟಕ್ಕೆ ಕೂತಾಗಲೆಲ್ಲ ಅದರ ವಿಷಯವೇ. ಮನುಷ್ಯನ ಮೈಬಿಸಿ ಪರದೆಯ ಮೇಲೆ ಬೆಳ್ಳಗೆ ಕಾಣುತ್ತದೆ, ಸುತ್ತಲಿನ ಕಾಡು ಬೂದಿಯ ಹಾಗೆ. ದಾರಿ ತಪ್ಪಿದ ಮುದುಕರು, ಮುನಿಸಿಕೊಂಡು ಹೋದ ಮಕ್ಕಳು, ಎಷ್ಟೋ ಜನ ಆ ಬಿಳಿ ಚುಕ್ಕೆಯಾಗಿ ಸಿಕ್ಕಿದ್ದಾರೆ. ಮಾವ ಮನೆಯವರಿಗೆ ತೋರಿಸದ ಜಾಗವನ್ನು ಸರ್ಕಾರವೇ ಹುಡುಕಿ ಕೊಟ್ಟರೆ ಬೇಡ ಎನ್ನುವವರಾರು?

ಮಿರಾನ್ ಅವಸರದ ಹೆಂಗಸಲ್ಲ. ಆ ಇಡೀ ದಿನ ಅವಳು ಈ ವಿಚಾರವನ್ನು ಹಿಟ್ಟಿನ ಹಾಗೆ ನಾದಿದಳು. ಎಲೆಕೋಸು ಉಪ್ಪಿನಲ್ಲಿ ಅದ್ದುವಾಗ ಒಂದು ತೊಡಕು ಬಿಡಿಸಿದಳು, ಬೊರಿಯ ತಲೆ ಬಾಚುವಾಗ ಇನ್ನೊಂದು.

ಮೊದಲನೆಯದು, ಯಾರಿಗೆ ಫೋನ್ ಮಾಡುವುದು. ೧೧೯ಕ್ಕೆ ಮಾಡಿದರೆ ಅಗ್ನಿಶಾಮಕದವರ ಹೆಲಿಕಾಪ್ಟರ್ ಬರುತ್ತದೆ. ಅವರು ಹಗ್ಗ ಇಳಿಸಿ ಮಾವನನ್ನು ಎತ್ತಿಕೊಂಡು ನೇರ ಆಸ್ಪತ್ರೆಗೆ ಹೋಗುತ್ತಾರೆ, ಎಲ್ಲಿಂದ ಎತ್ತಿದರೆಂಬುದು ಆಕಾಶಕ್ಕೇ ಗೊತ್ತು. ೧೧೨ಕ್ಕೆ ಮಾಡಿದರೆ ಪೊಲೀಸರದು ಬರುತ್ತದೆ. ಅದು ನೋಡುತ್ತದೆ, ಎತ್ತುವುದಿಲ್ಲ. ನೋಡಿದ್ದನ್ನು ಕೆಳಗಿನ ಜೀಪಿನ ಪರದೆಗೆ ಕಳಿಸುತ್ತದೆ, ಜಾಗ ಹೇಳುತ್ತದೆ, ಕೆಳಗಿನವರು ನಡೆದು ಹೋಗಬೇಕು. ಆ ಜೀಪಿನಲ್ಲಿ ಗುರುತು ಹೇಳಲು ಮನೆಯವರೊಬ್ಬರನ್ನು ಕೂರಿಸಿಕೊಳ್ಳುವುದು ಅವರ ಪದ್ಧತಿ.

ಎರಡನೆಯದು, ಹೊತ್ತು. ನಡು ಮಧ್ಯಾಹ್ನ ಬಂಡೆಗಳೂ ಮನುಷ್ಯರಷ್ಟೇ ಬಿಸಿ, ಪರದೆಯ ತುಂಬ ಬಿಳಿ. ಕತ್ತಲಾದರೆ ಕಣಿವೆಯಲ್ಲಿ ಹಾರುವುದು ಪೈಲಟ್‌ಗಳಿಗೆ ಇಷ್ಟವಿಲ್ಲ. ಸೂರ್ಯ ಗುಡ್ಡದ ಹಿಂದೆ ಸರಿದು ಬಂಡೆ ತಣಿದು, ಆದರೆ ಬೆಳಕು ಇನ್ನೂ ಉಳಿದಿರುವ ಹೊತ್ತೇ ಸರಿ. ಯಾವ ದಿನ ಎಂಬುದನ್ನೂ ನೋಡಬೇಕು: ಹಬ್ಬದ ಗುಂಪು ಪಟ್ಟಣ ಬಿಡತೊಡಗಿದರೆ ಹೆಲಿಕಾಪ್ಟರನ್ನು ಹೆದ್ದಾರಿಗೆ ಕಳಿಸಿಬಿಡುತ್ತಾರೆ, ಬಸ್ಸಿಗೆ ಮೀಸಲಾದ ಪಥದಲ್ಲಿ ನುಗ್ಗುವ ಕಾರು ಹಿಡಿಯಲು. ಅದಕ್ಕೂ ಮೊದಲು ಆಗಬೇಕು. ಅಂದರೆ ನಾಳೆಯೇ.

ಮೂರನೆಯದು ಪೈನ್ ಎಲೆ. ದಟ್ಟ ಮರದಡಿ ಕೂತವನ ಬಿಸಿ ಮೇಲಕ್ಕೆ ಬರುವುದಿಲ್ಲ. ಆದರೆ ಮಾವ ಅನ್ನದಲ್ಲಿ ಎಲೆ ಬಿದ್ದರೆ ತಟ್ಟೆಯನ್ನೇ ಎಸೆಯುವ ಜಾತಿ. ಊಟಕ್ಕೆ ಬಯಲಿಗೇ ಬರುತ್ತಾರೆ. ಹಾಗಾದರೆ ಊಟ ಉದ್ದವಾಗಬೇಕು. ಎರಡು ಪಟ್ಟು ಬುತ್ತಿ, ಜೊತೆಗೆ ಒಂದು ಬಾಟಲಿ ಅಕ್ಕಿ ಹೆಂಡ. ಹೆಂಡ ಒಳಗೆ ಹೋದರೆ ಮಾವ ಕೂತಲ್ಲೇ ನಿದ್ದೆ. ಫೋನ್ ಅವರ ಹತ್ತಿರ ಇರುವುದಿಲ್ಲ. ಫೋನಿನಿಂದ ಜಾಗ ಪತ್ತೆಯಾಗುತ್ತದೆಂದು ಅಣಬೆ ಕಾಲದಲ್ಲಿ ಅದನ್ನು ಅಕ್ಕಿಯ ಡಬ್ಬದಲ್ಲಿ ಹೂತಿಟ್ಟು ಹೋಗುತ್ತಾರೆ.

ಕೊನೆಯ ತೊಡಕೇ ದೊಡ್ಡದು. ಅಣಬೆಗೆ ಹೋದ ಗಟ್ಟಿಮುಟ್ಟು ಮುದುಕ ಸ್ವಲ್ಪ ತಡಮಾಡಿದ ಎಂದರೆ ಯಾರೂ ಹೆಲಿಕಾಪ್ಟರ್ ಎಬ್ಬಿಸುವುದಿಲ್ಲ. ಜೀವಕ್ಕೆ ಅಪಾಯ ಎನ್ನಬೇಕು. ಮರೆವಿನ ಕಾಯಿಲೆ ಶುರುವಾಗಿದೆ ಎಂದು ಒಂದು ಮಾತು ಸೇರಿಸಿದರೆ ಸಾಕು. ಈ ಒಂದು ಮಾತು ಬಿಟ್ಟರೆ ಉಳಿದದ್ದೆಲ್ಲ ನಿಜ, ಮಾವ ನಿಜವಾಗಿಯೂ ಬಂದಿರುವುದಿಲ್ಲ, ಅವರೆಲ್ಲಿದ್ದಾರೆ ಎಂಬುದು ನಿಜವಾಗಿಯೂ ಅವಳಿಗೆ ಗೊತ್ತಿರುವುದಿಲ್ಲ. ಸುಳ್ಳು ಕರೆ ಮಾಡಿದರೆ ದಂಡ, ಜೈಲು ಎಂಬ ಫಲಕ ಠಾಣೆಯ ಬಾಗಿಲಲ್ಲೇ ಇದೆ. ಪೊಲೀಸಿನವನ ಹೆಂಡತಿಯೇ ಮಾಡಿದಳು ಎಂದಾದರೆ ಇನ್‌ಸಿಕ್‌ನ ಕೆಲಸದ ಕತೆ ಅಲ್ಲಿಗೇ ಮುಗಿಯುತ್ತದೆ. ಆದರೆ ಸಿಕ್ಕಿಬೀಳುವುದು ಹೇಗೆ? ಮಾವ ಮನೆಗೆ ಬಂದು ಬೈಯುತ್ತಾರೆ. ಬೈಗುಳವನ್ನು ಅವಳು ದಿನಾ ತಿನ್ನುತ್ತಾಳೆ.

ಮರುದಿನ ಬೆಳಿಗ್ಗೆ ಬುತ್ತಿಯ ಭಾರಕ್ಕೆ ಮಾವನ ಹುಬ್ಬು ಮೇಲೇರಿತು.

"ಇದೇನು, ನನ್ನನ್ನ ಮನೆ ಬಿಟ್ಟು ಓಡಿಸ್ತಿದ್ದೀಯಾ?"

"ಇವತ್ತು ಹಬ್ಬದ ಸಂತೆಗೆ ಹೋಗ್ತೀನಿ ಮಾವ. ಬರೋದು ಸಂಜೆ ಆಗತ್ತೆ. ನೀವೂ ನಿಧಾನವಾಗಿ ಬನ್ನಿ, ಮನೇಲಿ ಬಿಸಿ ಅನ್ನ ಇರಲ್ಲ."

ಮಾವ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಸೊಸೆಯನ್ನು ನೋಡಿದರು, ಮತ್ತೆ ಬಾಟಲಿಯನ್ನು ನೋಡಿದರು. ಅದನ್ನು ಬುಟ್ಟಿಗಿಳಿಸಿ, ಇವತ್ತು ಪಶ್ಚಿಮದ ಕಡೆ ಹೊರಟರು.

ಬಂಡೆ ತಣಿಯುವ ಹೊತ್ತಿಗೆ ಮಿರಾನ್ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೂತಳು. ಕಣ್ಣಲ್ಲಿ ನೀರು ತುಂಬಿ ಮೂಗು ಸೋರತೊಡಗಿದ ಮೇಲೆ ಫೋನ್ ಎತ್ತಿಕೊಂಡಳು.

"ನಮ್ಮ ಮಾವ... ಬೆಳಿಗ್ಗೆ ಕಾಡಿಗೆ ಹೋದೋರು ಇನ್ನೂ ಬಂದಿಲ್ಲ ಸರ್. ಇತ್ತೀಚೆಗೆ ಮರೆವಿನ ಕಾಯಿಲೆ. ಮೊನ್ನೆ ನನ್ನ ಹೆಸರೇ ಮರ್ತಿದ್ರು..."

ಈ ಕೊನೆಯ ಮಾತು ಅವಳು ಮೊದಲೇ ಕಟ್ಟಿಟ್ಟುಕೊಂಡಿದ್ದಲ್ಲ. ತಾನೇ ಬಂತು. ಬಂದದ್ದು ಚೆನ್ನಾಗಿತ್ತು.

ಠಾಣಾಧಿಕಾರಿ ನಾಮ್ ಹತ್ತಿರದಲ್ಲೇ ಇದ್ದರು, ಬೇಗನೆ ಬಂದರು. ದಪ್ಪ ಮೈಯ, ಮೃದು ಮನಸ್ಸಿನ ಮನುಷ್ಯ. ಊರಿನ ಧ್ವನಿವರ್ಧಕದಲ್ಲಿ ಸಾರಿಸಲೇ ಎಂದು ಕೇಳಿದರು.

"ಬೇಡ ಸಾಹೇಬ್ರೆ. ಹಬ್ಬದ ಹೊತ್ತು. ನಾಲ್ಕು ಜನಕ್ಕೆ ಗೊತ್ತಾದ್ರೆ ಮಾವ ಆಮೇಲೆ ತಲೆ ಎತ್ಕೊಂಡು ಓಡಾಡ್ತಾರಾ?"

"ಅದೂ ಸರೀನೆ ಬೊರಿ ಅಮ್ಮ." ನಾಮ್ ಅವಳ ಒದ್ದೆ ಕಣ್ಣು ನೋಡಿ ತಮ್ಮದನ್ನೂ ಒರೆಸಿಕೊಂಡರು. ಊರಿಗೆ ಊರೇ ಬುಟ್ಟಿ ಹಿಡಿದು ಮಾವನ ಜಾಗಕ್ಕೆ ನುಗ್ಗುವ ಅಪಾಯ ಅಲ್ಲಿಗೆ ತಪ್ಪಿತು.

ಮಿರಾನ್ ಬೊರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಜೀಪಿನಲ್ಲಿ ಕೂತಳು. ವಯರ್‌ಲೆಸ್ಸಿನಲ್ಲಿ ಪೈಲಟ್ ಮೇಂಗ್ ದನಿ ಕೇಳಿತು. ಇನ್‌ಸಿಕ್‌ನ ಜೊತೆಗಾರ, ಅವಳ ಕೈಯ ಎಲೆಕೋಸಿನ ಕಿಮ್ಚಿ ತಿಂದವನು. ಗಾಳಿ ಇಷ್ಟು, ಮೋಡ ಇಷ್ಟು, ಇಂಧನ ಇಷ್ಟು ಎಂದು ಹೇಳಿಕೊಂಡ. ಮನೆಯಿಂದ ಶುರುಮಾಡಿ ಪಶ್ಚಿಮದ ಕಣಿವೆ, ಆಮೇಲೆ ಅದರ ಪಕ್ಕದ್ದು, ಬಟ್ಟೆಗೆ ಹೊಲಿಗೆ ಹಾಕಿದ ಹಾಗೆ ಹೋಗುತ್ತ ಬರುತ್ತ ನೋಡುತ್ತೇವೆ ಎಂದ. ಇನ್‌ಸಿಕ್ ಹೇಳುತ್ತಿದ್ದುದು ಇದನ್ನೇ. ಎಲ್ಲವೂ ಅವಳು ಅಂದುಕೊಂಡ ಹಾಗೆ, ಅಂದುಕೊಂಡ ಸಾಲಿನಲ್ಲಿ ನಡೆಯುತ್ತಿತ್ತು. ಪರದೆಯ ಮೇಲೆ ಬೂದಿಬಣ್ಣದ ಕಾಡು ಹರಿಯಿತು. ಒಂದು ಕಡೆ ಬಿಳಿ ಚುಕ್ಕೆಗಳು ಚೆದುರಿ ಓಡಿದವು.

"ಹಂದಿಗಳು" ಎಂದ ಮೇಂಗ್. "ಸಂಸಾರ ಸಮೇತ."

ಅರ್ಧ ಹೊಲಿಗೆ ಮುಗಿಯಿತು. ಎರಡನೆಯ ಕಣಿವೆಯ ತಿರುವಿನಲ್ಲಿ, ಒಂದಕ್ಕೊಂದು ಒರಗಿದ ಎರಡು ಬಂಡೆಗಳ ಮೇಲೆ, ಒಂದು ಚುಕ್ಕೆ ಕಂಡಿತು. ಅದು ಓಡಲಿಲ್ಲ. ಚಿತ್ರ ದೊಡ್ಡದಾಯಿತು. ಬೆನ್ನು ನೆಟ್ಟಗೆ, ಎರಡೂ ಕೈ ಮಂಡಿಯ ಮೇಲೆ, ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ ಮಾವ ಕೂತಿದ್ದರು.

"ಸಿಕ್ಕಿದ್ರು! ಅವಳಿ ಬಂಡೆ ಹತ್ತಿರ. ಮೈಗೇನೂ ಆಗಿಲ್ಲ. ಕೈ ಬೀಸ್ತಿದ್ದಾರೆ. ಅತ್ತಿಗೆ, ಅಳ್ಬೇಡಿ."

ಅತ್ತಿಗೆ ಅಳುತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಮೂಡಿದ, ಆ ಜಾಗದ ಅಂಕಿಗಳನ್ನು ತುಟಿಯೊಳಗೇ ಬಾಯಿಪಾಠ ಮಾಡುತ್ತಿದ್ದಳು.

ನಾಮ್ ಮತ್ತು ಒಬ್ಬ ಪೇದೆ ಹೋಗಿ ಮಾವನನ್ನು ಕರೆತಂದರು. ಮುದುಕರು ಏದುಸಿರು ಬಿಡುತ್ತಿದ್ದರು, ಹೆದರಿರಬೇಕು ಎಂದುಕೊಂಡಳು ಮಿರಾನ್. ಬುಟ್ಟಿ ಖಾಲಿ. ಎಷ್ಟು ಜಾಣರು, ಕಿತ್ತದ್ದನ್ನೆಲ್ಲ ಅಲ್ಲೇ ಪೊದೆಯಲ್ಲಿ ಅಡಗಿಸಿಟ್ಟು ಬಂದಿದ್ದಾರೆ ಎಂದುಕೊಂಡಳು. ಜಗಲಿಯ ಮೇಲೆ ಕೂರಿಸಿ, ಹೊದಿಕೆ ಹೊದಿಸಿ, ಬಿಸಿ ಬಾರ್ಲಿ ನೀರು ಕೊಟ್ಟಳು. ನಾಮ್ ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮಕ್ಕಳೊಡನೆ ಮಾತಾಡುವ ದನಿಯಲ್ಲಿ ಕೇಳಿದರು.

"ಅಜ್ಜಾರೆ, ನಾನ್ಯಾರು ಗೊತ್ತಾಯ್ತಾ?"

"ನಿನ್ನ ಅಪ್ಪನ ಮದುವೇಲಿ ಹಂದಿ ಕೊಯ್ದೋನು ನಾನು. ನೀನ್ಯಾರು ಅಂತ ನಿಂಗೇ ಮರ್ತು ಹೋಯ್ತಾ?"

"ಅಲ್ಲ, ಇವತ್ತು ಯಾವ ವಾರ ಅಂತ..."

"ಶುಕ್ರವಾರ. ನಾಳೆ ಶನಿವಾರ. ನಾಡಿದ್ದೂ ಹೇಳ್ಲಾ, ಬರ್ಕೋತೀಯಾ?"

ನಾಮ್ ಕೆಮ್ಮಿದರು. "ಮತ್ತೆ ಇವರು? ಇವರ ಹೆಸರೇನು?" ಎಂದು ಮಿರಾನಳ ಕಡೆ ಕೈ ತೋರಿಸಿದರು.

ಮುದುಕರು ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಂಚಿನಲ್ಲಿ ಏನೋ ಮಿನುಗಿತು, ಹೋಯಿತು.

"ಗೊತ್ತಾಗ್ತಿಲ್ಲಪ್ಪ. ಯಾರೋ ತುಂಬ ಒಳ್ಳೆ ಹೆಂಗಸು. ಇವತ್ತು ಎರಡಾಳಿನ ಊಟ ಕಟ್ಟಿದ್ಲು."

ಪೇದೆ ಮುಖ ಆಚೆ ತಿರುಗಿಸಿಕೊಂಡ. ನಾಮ್ ಮಾತ್ರ ಮರುಗಿದರು. ಹೋಗುವಾಗ ಗೇಟಿನ ಹತ್ತಿರ ನಿಂತು ಮೆಲ್ಲಗೆ ಹೇಳಿದರು: "ಹಳೇದೆಲ್ಲ ನೆನಪಿರತ್ತೆ, ಹತ್ತಿರದವರೇ ಮರ್ತು ಹೋಗ್ತಾರೆ. ನನ್ನ ಅತ್ತೇಗೂ ಹೀಗೇ ಆಗಿತ್ತು. ಧೈರ್ಯವಾಗಿರಿ ಬೊರಿ ಅಮ್ಮ."

ರಾತ್ರಿ ಇನ್‌ಸಿಕ್ ಫೋನ್ ಮಾಡಿದ. ಮೇಂಗ್ ಎಲ್ಲ ಹೇಳಿದ್ದ.

"ಏನೇ ಇದು, ಅಪ್ಪಂಗೆ ಮರೆವಿನ ಕಾಯಿಲೆ ಅಂತೆ? ಹೋದ ವಾರ ನಾನು ಮೂರನೇ ಕ್ಲಾಸಲ್ಲಿ ಕದ್ದ ಸೀಬೆಹಣ್ಣಿನ ಲೆಕ್ಕ ಹೇಳಿದ್ರಲ್ಲ!"

"ಗಾಬರಿಗೆ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ ರೀ. ಹೋದ ವರ್ಷ ಕಾಲು ಉಳುಕಿತ್ತಲ್ಲ, ಅದೇ ಕಣ್ಮುಂದೆ ಬಂತು" ಎಂದಳು. ಅದರಲ್ಲಿ ಅರ್ಧ ನಿಜವೇ ಇತ್ತು. ಆ ಅರ್ಧಕ್ಕೆ ಅವಳ ದನಿ ನಿಜವಾಗಿಯೇ ನಡುಗಿತು. ಅಪ್ಪನನ್ನು ನೋಡಿಕೋ ಎಂದು ಹೇಳಿ ಇನ್‌ಸಿಕ್ ಫೋನ್ ಇಟ್ಟ.

ಒಳಗಿನ ಕೋಣೆಯಲ್ಲಿ ಮಾವ ಗೊರಕೆ ಹೊಡೆಯುತ್ತಿದ್ದರು. ಮಿರಾನ್ ಅವರ ಹೊದಿಕೆ ಸರಿಮಾಡಿ, ಬೂಟಿನ ಮಣ್ಣು ಕೆರೆದು ಹಾಕಿದಳು. ಮುದುಕರ ಮೇಲೆ ಪ್ರೀತಿಯಿಲ್ಲದೆ ಇರಲಿಲ್ಲ. ಮೊದಲ ಅಣಬೆಯನ್ನು ಅವರಿಗೇ, ದನದ ಮಾಂಸದ ಜೊತೆ, ಎಣ್ಣೆಯಲ್ಲಿ ಬಾಡಿಸಿ ಬಡಿಸಬೇಕೆಂದು ಆಗಲೇ ತೀರ್ಮಾನಿಸಿದ್ದಳು. ತಿನ್ನುವಾಗ ಅವರ ಮುಖ ನೋಡಬೇಕು, ಅಷ್ಟೆ.

ಶನಿವಾರ ಬೆಳಿಗ್ಗೆ ಮಾವ ಸುಸ್ತೆಂದು ಮಲಗಿಯೇ ಇದ್ದರು. ಶಾಲೆಗೆ ರಜೆ, ಬೊರಿಯನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ. ಮಿರಾನ್ ಅಣಬೆ ಎಬ್ಬಿಸುವ ಕೋಲನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ತುರುಕಿ, ಮಗಳ ಕೈ ಹಿಡಿದು, ಉತ್ತರಕ್ಕೆ ಮುಖ ಮಾಡಿ ಹೊರಟಳು. ಊರು ಮರೆಯಾದ ಮೇಲೆ ಪಶ್ಚಿಮಕ್ಕೆ ತಿರುಗಿದಳು. ಹೀಗೆ ತಿರುಗುವಾಗ ಅವಳಿಗೆ ತಾನೂ ಈಗ ಈ ಹಳ್ಳಿಯವಳೇ ಆದೆ ಎನ್ನಿಸಿತು.

ಫೋನಿನ ನಕ್ಷೆಗೆ ಹಾಕಿದ ಅಂಕಿಗಳು ತಪ್ಪಲಿಲ್ಲ. ಅವಳಿ ಬಂಡೆಗಳು ದಾರಿಯ ಪಕ್ಕದಲ್ಲೇ ಇದ್ದವು. ಯಾರು ಬೇಕಾದರೂ ಓಡಾಡುವ ಕಾಲುದಾರಿ, ಪಕ್ಕದಲ್ಲಿ ದುಮಿಲ್ ಹಳ್ಳಿಯವರು ತಮ್ಮ ಕಾಡಿನ ಗಡಿಗೆ ಕಟ್ಟಿದ ನೀಲಿ ಹಗ್ಗ. ಇಂಥ ಕಡೆ ಸೊಂಗಿಯೇ? ಒಂದು ಗಳಿಗೆ ಅನುಮಾನ ಬಂತು. ಮರುಗಳಿಗೆಯೇ ಮಾವನ ಬುದ್ಧಿಗೆ ತಲೆದೂಗಿದಳು. ಎಲ್ಲರ ಕಣ್ಣೆದುರಿಗಿರುವ ಜಾಗವನ್ನು ಯಾರು ತಾನೇ ಕೆದಕಿ ನೋಡುತ್ತಾರೆ? ಮೊಣಕಾಲೂರಿ, ಒಣ ಸೂಜಿ ಎಲೆಗಳನ್ನು ಮಗುವಿನ ಹೊದಿಕೆ ಸರಿಸುವಷ್ಟು ಮೆಲ್ಲಗೆ ಸರಿಸಿದಳು. ಏನಿಲ್ಲ. ಪಕ್ಕದಲ್ಲಿ ಸರಿಸಿದಳು. ಏನಿಲ್ಲ.

"ಅಮ್ಮಾ..."

"ಶ್, ಸುಮ್ನಿರು ಪುಟ್ಟ. ಅಣಬೆ ಹೆದರ್ಕೊಳ್ಳತ್ತೆ."

ಹಗ್ಗದ ಈಚೆ ಮುಗಿಸಿ, ಆಚೆ ಕೈ ಚಾಚಿ, ಆಮೇಲೆ ಒಂದು ಕಾಲು ಇಟ್ಟು, ಕೊನೆಗೆ ಪೂರ್ತಿ ದಾಟಿದಳು. ಅದೇ ಹೊತ್ತಿಗೆ ಸೀಟಿ ಕೂಗಿತು. ಪೊದೆಯ ಹಿಂದಿನ ಕಾವಲು ಡೇರೆಯಿಂದ ಒಬ್ಬ ಗಡಸು ಹೆಂಗಸು, ತಲೆ ತುಂಬ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು. ಅಣಬೆಯ ತಿಂಗಳಲ್ಲಿ ದುಮಿಲ್‌ನವರು ಸರದಿಯಲ್ಲಿ ಕಾವಲಿರುತ್ತಾರೆ.

"ಏಯ್! ಕೋಲು ಕೆಳಗಿಡು! ಹಬ್ಬಕ್ಕೆ ನಮ್ಮ ಕಾಡೇ ಬೇಕಾಯ್ತಾ ನಿಂಗೆ? ಮಗೂನೂ ಕರ್ಕೊಂಡು ಬಂದಿದ್ದೀಯಲ್ಲ, ಈಗ್ಲಿಂದ್ಲೇ ಕಲಿಸ್ತೀಯಾ?"

ಕಾವಲಿನವಳು ಠಾಣೆಗೆ ಫೋನ್ ಮಾಡಿದಳು. ನಾಮ್ ಎರಡು ದಿನದಲ್ಲಿ ಎರಡನೆಯ ಸಲ ಅದೇ ಏರು ಹತ್ತಿ, ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದು ನಿಂತರು. ಅಷ್ಟರೊಳಗೆ ಮಿರಾನಳ ತಲೆ ಕೆಲಸ ಮುಗಿಸಿತ್ತು.

"ಮಾವನ ಕನ್ನಡಕ ಸಾಹೇಬ್ರೆ. ನಿನ್ನೆ ಇಲ್ಲೆಲ್ಲೋ ಬೀಳ್ಸಿದ್ದಾರೆ. ರಾತ್ರಿಯೆಲ್ಲ ತಡಕಾಡಿದ್ರು. ನೋಡೋಕಾಗ್ಲಿಲ್ಲ, ಅದಕ್ಕೆ ಬಂದೆ. ಎಲೆ ಸರಿಸೋಕೆ ಒಂದ್ ಕೋಲು ಬೇಕಲ್ಲ."

"ಕನ್ನಡಕ ಹುಡುಕೋಕೆ ಹಗ್ಗ ದಾಟ್ಬೇಕಾ?" ಎಂದಳು ಕಾವಲಿನವಳು.

"ಬಿಡಮ್ಮ, ಬಿಡು." ನಾಮ್ ಬೆವರು ಒರೆಸಿಕೊಂಡರು. "ನಿನ್ನೆ ಇವರ ಅಳು ನೀನು ನೋಡಿದ್ರೆ ಹೀಗನ್ತಿರ್ಲಿಲ್ಲ. ಮಾವಂಗೆ ತಲೆ ಸರಿಯಿಲ್ಲ, ಗಂಡ ಊರಲ್ಲಿಲ್ಲ. ಚೀಲದಲ್ಲಿ ಒಂದಾದ್ರೂ ಅಣಬೆ ಇದ್ಯಾ? ಇಲ್ವಲ್ಲ. ನಿಮ್ಮೂರಲ್ಲಿ ಇಂಥ ಸೊಸೆ ಒಬ್ಳನ್ನ ತೋರ್ಸು, ಆಮೇಲೆ ಮಾತಾಡು."

ಕಾವಲಿನವಳಿಗೆ ಇಬ್ಬರು ಸೊಸೆಯರಿದ್ದರು. ಅವಳು ಸೌಟು ಕೆಳಗಿಳಿಸಿದಳು. "ನಮ್ಮವರು ನನ್ನನ್ನೇ ಹುಡುಕಲ್ಲ, ಇನ್ನು ಕನ್ನಡಕ!" ಎಂದು ಗೊಣಗಿ, ಬಾಗಿ, ತಾನೂ ಕನ್ನಡಕ ಹುಡುಕತೊಡಗಿದಳು. ನಾಮ್ ಕೂಡ ಕಷ್ಟಪಟ್ಟು ಬಾಗಿದರು. ಮಿರಾನ್ ಬಂಡೆಗೆ ಒರಗಿ ಉಸಿರು ಬಿಟ್ಟಳು. ಅಣಬೆ ಇಂದಲ್ಲ ನಾಳೆ ಸಿಕ್ಕೀತು, ಬಂಡೆಯ ಆಚೆ ಬದಿ ನೋಡುವುದು ಇನ್ನೂ ಬಾಕಿಯಿದೆ. ಗಾಳಿ, ಮೋಡ, ಬಿಸಿಲು, ಬಂಡೆ, ಹೆಂಡ, ಹೆದ್ದಾರಿ, ಮೇಂಗ್, ನಾಮ್, ಅವಳು ಎಣಿಸದೆ ಬಿಟ್ಟದ್ದು ಒಂದೂ ಇರಲಿಲ್ಲ.

ಅವಳಿ ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಬೊರಿ ಇಷ್ಟು ಹೊತ್ತಿನಲ್ಲಿ ಎರಡು ಸಲ ಬಾಯಿ ತೆರೆದಿದ್ದಳು, ಎರಡು ಸಲವೂ ತಾಯಿಯ ಕಣ್ಣು ಅದನ್ನು ಮುಚ್ಚಿಸಿತ್ತು. ಈಗ ಇಬ್ಬರು ದೊಡ್ಡವರು ತಲೆ ಕೆಳಗೆ ಮಾಡಿ ಇಲ್ಲದ ಕನ್ನಡಕ ಹುಡುಕುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಅಮ್ಮಾ, ಇಲ್ಲಿ ಏನೂ ಇಲ್ಲಮ್ಮ. ಇದು ನೀನ್ ಸಂತೆಗೆ ಹೋದಾಗ ನಾವಿಬ್ರೂ ಕಾಡಿಗೆ ಬಂದಿದ್ರೆ, ಹೆಲಿಕಾಪ್ಟರ್ ಸದ್ದು ದೂರದಲ್ಲಿ ಕೇಳಿದ ತಕ್ಷಣ ತಾತ ನನ್ ಕೈ ಹಿಡ್ಕೊಂಡು ಓಡಿ ಬಂದು ಕೂರೋ ಬಂಡೆ ಅಷ್ಟೆ, ಅಪ್ಪ ಮೇಲಿಂದ ನೋಡ್ಬಾರ್ದು ಅಂತ" ಎಂದು ಗಟ್ಟಿಯಾಗಿ ಹೇಳಿ, ನಾಮ್ ಬಾಗಿದಲ್ಲಿಂದ ನಿಧಾನವಾಗಿ ನೆಟ್ಟಗಾಗುತ್ತಿದ್ದುದನ್ನೂ ಗಮನಿಸದೆ, ಬೆಳಿಗ್ಗೆಯಿಂದ ಬಾಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು: "ನಿಂಗೆ ತಾತನ ಅಣಬೆ ಜಾಗ ಬೇಕಿದ್ರೆ ನನ್ನನ್ನೇ ಕೇಳ್ಬಹುದಿತ್ತಲ್ಲ, ಹೆಲಿಕಾಪ್ಟರ್ ಯಾಕಮ್ಮ ಕರೆಸ್ದೆ?"